ಎತ್ತು ಜೋರು, ಸಾಲು ಸೊಟ್ಟ

ಫಾಸ್ಟ್ ಬೌಲರ್ ರಾಜವರ್ಧನ ಹಂಗರ್ಗೇಕರನ ಮಾತು ತೆಗೆದರೆ ನಮ್ಮ ಉಮರ್ಗಾದ ಓಣಿಯಲ್ಲಿ ಚಹಾ ಆರುವುದು ಗ್ಯಾರಂಟಿ. ಆಚೆ ಮನೆಯ ಕಾಕಾ ಎಸ್ಟಿಯಲ್ಲಿ ಕಂಡಕ್ಟರಾಗಿದ್ದು ರಿಟೈರಾದವರು. ಬೆಳಗಿನ ಎರಡನೇ ಚಹಾದ ಹೊತ್ತಿಗೆ ಕಪ್ಪು-ಬಸಿ ತಂದು ಕಂಪೌಂಡ್ ಗೋಡೆಯ ಮೇಲಿಟ್ಟು, "ಯವ್ವಾ, ನಿನ್ನ ತುಳಜಾಪುರದ ಹುಡುಗ ವೈಡ್ ಹಾಕೋದು ಬಿಟ್ಟನೇನು?" ಅಂತ ಕೇಳುತ್ತಾರೆ. ಅಷ್ಟಾದರೆ ಮುಗೀತು. ಕೈಯಲ್ಲಿದ್ದ ಮೊರ ಅಲ್ಲೇ ಇಟ್ಟು ನಾನೂ ಗೋಡೆಗೆ ಬರುತ್ತೇನೆ. ಒಲೆಯ ಮೇಲೆ ಬೇಳೆ ಇದ್ದರೆ ಅದು ತನ್ನ ಪಾಡಿಗೆ ಕುದಿಯುತ್ತದೆ.

ನನ್ನ ಹುಡುಗ ಅಂತಾರೆ ಕಾಕಾ. ಇರಲಿ, ನನ್ನವನೇ. ಒಂದೇ ಜಿಲ್ಲೆಯವರು ನಾವು, ಮೊದಲು ಉಸ್ಮಾನಾಬಾದ, ಈಗ ಧಾರಾಶಿವ. ಹೆದ್ದಾರಿ ಹಿಡಿದು ಸೊಲ್ಲಾಪುರದ ಕಡೆ ಹೊರಟರೆ ನಳದುರ್ಗ, ಅಲ್ಲಿ ಬಲಕ್ಕೆ ಹೊರಳಿದರೆ ತುಳಜಾಪುರ. ದಸರೆ ಮುಗಿದು ಶೀಗಿ ಹುಣ್ಣಿಮೆ ಹತ್ತಿರ ಬಂತೆಂದರೆ ಬೀದರ, ಬಸವಕಲ್ಯಾಣ, ಕಲಬುರಗಿ ಕಡೆಯ ಮಂದಿ ಅಂಬಾಭವಾನಿಗೆ ನಡೆದುಕೊಂಡೇ ಹೋಗುತ್ತಾರಲ್ಲ, ಆಗ ಕಾಕಾನ ಹೆಂಡತಿ ಕಾಕು ರಸ್ತೆಗೆ ನೀರಿನ ಕೊಡ ಇಟ್ಟುಕೊಂಡು ಕೂಡುತ್ತಾರೆ. ಒಂದು ಸಲ ಹಳದಿ ಜರ್ಸಿ ಹಾಕಿಕೊಂಡ ಹುಡುಗನೊಬ್ಬ ಬಂದ. ಬೆನ್ನ ಮೇಲೆ ಧೋನಿಯ 7, ಎದೆಯ ಮೇಲೆ ಕವಡಿ ಸರ, ಕಾಲಲ್ಲಿ ಚಪ್ಪಲಿ ಇಲ್ಲ. ನೀರು ಕುಡಿದು ಬಾಯಿ ಒರಸಿಕೊಂಡು ಕೇಳಿದ: "ಆಯೀ, ಆ ಫಾಸ್ಟ್ ಬೌಲರನ ಊರು ಇದೇ ದಾರೀಲೆ ಬರ್ತದೇನ್ರಿ?" ಕಾಕು ಅಂದರು: "ಊರು ಬರ್ತದಪ್ಪ, ಮೊದಲ ದೇವೀ ದರ್ಶನ ಮಾಡು, ಬೌಲರ್ ಆಮೇಲೆ." ಕಾಕುಗೆ ಅವನ ಯಾರ್ಕರು, ಬೌನ್ಸರು ಒಂದೂ ಬೇಕಿಲ್ಲ. ಅಂಬಾಬಾಯಿಯ ಊರಿನವ, ಮುಗೀತು, ಕೆಟ್ಟ ಆಟ ಆಡೋದಕ್ಕೇ ಸಾಧ್ಯ ಇಲ್ಲ. ಇನ್ನು ಹಂಗರ್ಗೇಕರ ಎಂದರೆ ಹಂಗರಗಾದವರು. ಆ ಹೆಸರಿನ ಊರುಗಳೋ ಗಡಿಯ ಎರಡೂ ಕಡೆ ಇವೆ. ಹಾಗಾಗಿ ಕರ್ನಾಟಕದಿಂದ ಬಂದ ನೆಂಟರೂ "ನಮ್ಮವನೇ ಅವ" ಅನ್ನದೆ ಬಿಡುವುದಿಲ್ಲ. ಅನ್ನಲಿ ಬಿಡ್ರಿ, ನಮ್ಮವರು ಅನ್ನಿಸಿಕೊಳ್ಳುವುದಕ್ಕೆ ತೆರಿಗೆ ಇದೆಯೇನು?

ಆದರೆ ಕಾಕಾನ ತಕರಾರು ಪೊಳ್ಳಲ್ಲ. 2023ರ ಮಾರ್ಚ್ 31, ಅಹಮದಾಬಾದಿನಲ್ಲಿ ಗುಜರಾತಿನ ಮೇಲೆ ಚೆನ್ನೈ ಪರವಾಗಿ ಅವನ ಮೊದಲ ಐಪಿಎಲ್ ಪಂದ್ಯ. ನಮ್ಮ ಓಣಿಯಲ್ಲಿ ಅವತ್ತು ಟಿವಿ ಆಫ್ ಆಗಿದ್ದ ಮನೆ ನಾನು ಕಾಣೆ. ನಾಲ್ಕು ಓವರ್, 36 ರನ್, 3 ವಿಕೆಟ್: ಸಾಹಾ, ಸಾಯಿ ಸುದರ್ಶನ್, ವಿಜಯ್ ಶಂಕರ್. ಸುದರ್ಶನನ ಕ್ಯಾಚ್ ಧೋನಿಯ ಗ್ಲೌಸಿಗೆ ಬಿದ್ದಾಗ ಕಾಕು ಕೈ ಮುಗಿದರು. ಚೆನ್ನೈ ಆ ಪಂದ್ಯ ಸೋತಿತು, ಋತುರಾಜನ 92 ನೀರಲ್ಲಿ ಹೋಯಿತು. ಅದು ಬೇರೆ ಮಾತು. ಪಂದ್ಯ ಮುಗಿದ ಮೇಲೆ ಧೋನಿ ಹುಡುಗನ ವೇಗ ಹೊಗಳಿದರು, ಹೋಗ್ತಾ ಹೋಗ್ತಾ ಇನ್ನೂ ಸುಧಾರಿಸ್ತಾನೆ ಅಂದರು. ಮೂರನೇ ದಿನಕ್ಕೆ ಚೆಪಾಕಿನಲ್ಲಿ ಲಖನೌ ಬಂತು. ನಮ್ಮವ ಹಾಕಿದ್ದು ಎರಡೇ ಓವರ್, ಕೊಟ್ಟದ್ದು 24, ವಿಕೆಟ್ ಇಲ್ಲ. ಅವನೊಬ್ಬನದ್ದೇ ತಪ್ಪಲ್ಲ. ಆ ರಾತ್ರಿ ಚೆನ್ನೈ ಬೌಲರುಗಳದ್ದು ಒಟ್ಟು 13 ವೈಡ್, 3 ನೋ ಬಾಲ್. ಹನ್ನೆರಡು ರನ್ನಿಂದ ಗೆದ್ದರೂ ಧೋನಿ, ಹೀಗೇ ನಡೆದರೆ ನೀವು ಬೇರೆ ಕ್ಯಾಪ್ಟನ್ ಕೈಕೆಳಗೆ ಆಡಬೇಕಾದೀತು ಅಂತ ಮೈಕಿನ ಮುಂದೆಯೇ ಹೇಳಿಬಿಟ್ಟರು. ಅದರ ಮೇಲೆ ನಮ್ಮ ಹುಡುಗನಿಗೆ ಚೆನ್ನೈ ಪರವಾಗಿ ಮತ್ತೊಂದು ಪಂದ್ಯ ಸಿಗಲಿಲ್ಲ. ಆ ವರ್ಷ ಚೆನ್ನೈ ಕಪ್ ಗೆದ್ದಿತು, ಇವನು ಡಗ್‌ಔಟಿನಲ್ಲಿ ಕೂತು ನೋಡಿದ. ಎರಡು ಪಂದ್ಯ, ಆರು ಓವರ್. ಮೂವತ್ತಾರು ಚೆಂಡಿನ ಮೇಲೆ ಒಬ್ಬ ಮನುಷ್ಯನನ್ನು ತೂಗುವುದು ಹೇಗೆ, ನೀವೇ ಹೇಳ್ರಿ.

ಕಾಕಾ ತೂಗುತ್ತಾರೆ. ಅವರದು ಹೊಲದ ಲೆಕ್ಕ. "ಕೂರಿಗಿ ಹೂಡೀದಿ ಅಂತ ತಿಳಕೋ. ಎತ್ತು ಜೋರದಾವ, ಹೊಲ ಒಂದು ತಾಸಿನಾಗ ಮುಗಸ್ತಾವ. ಆದ್ರ ಸಾಲು ಸೊಟ್ಟ ಬಿತ್ತಂದ್ರ ಎಡಿ ಹೊಡಿಯೋ ಮುಂದ ಬೆಳಿನೇ ಕಿತ್ತು ಬರ್ತದ. ಜೋರಲೆ ಏನು ಬಂತು?" ಈ ಮಾತಿಗೆ ಎದುರು ಹೇಳುವುದು ಕಷ್ಟ. ಕಾಕಾ ಬಿತ್ತಿದ ಹಿಂಗಾರಿ ಜೋಳದ ಸಾಲು ನೋಡಿದವರಿಗೆ ಇನ್ನೂ ಕಷ್ಟ, ದಾರ ಹಿಡಿದು ಎಳೆದಂತೆ ಇರುತ್ತದೆ.

ನಮ್ಮ ಅಳಿಯಂದಿರು ಉದಗೀರದವರು. 1760ರಲ್ಲಿ ಸದಾಶಿವರಾವ್ ಭಾವೂ ನಿಜಾಮರ ದಂಡನ್ನು ಮಣಿಸಿದ ಊರಿನವರಿಗೆ ವಾದದಲ್ಲಿ ಸೋಲು ಒಪ್ಪುವ ರೂಢಿ ಇಲ್ಲ. ಹಬ್ಬಕ್ಕೆ ಬಂದರೆ ಮೊದಲು ಅತ್ತೆಗೆ ನಮಸ್ಕಾರ, ಎರಡನೆಯದು ಮೊಬೈಲು ತೆಗೆದು ಕಾಕಾಗೆ ಅಂಕಿ ತೋರಿಸುವುದು. "ಕಾಕಾ, ನೀವು ಚೆಪಾಕ್ ಒಂದೇ ಹಿಡಕೊಂಡು ಕೂತೀರಿ. 2022ರ ವಿಜಯ್ ಹಜಾರೆ ಕ್ವಾರ್ಟರ್ ಫೈನಲ್ ನೆನಪದೇನು?" ಎಲ್ಲರೂ ಹೂಂ ಅನ್ನುತ್ತೇವೆ. ಯಾರಿಗೆ ನೆನಪಿಲ್ಲ! ಉತ್ತರ ಪ್ರದೇಶದ ಮೇಲೆ ನಮ್ಮ ಮಹಾರಾಷ್ಟ್ರದ ಋತುರಾಜ ಒಂದೇ ಓವರಿನಲ್ಲಿ ಏಳು ಸಿಕ್ಸರ್ ಹೊಡೆದ ಪಂದ್ಯ. ನಡುವೆ ಒಂದು ನೋ ಬಾಲ್, ಅದನ್ನೂ ಬಿಡಲಿಲ್ಲ, ಓವರಿಗೆ 43 ರನ್. ಅವನದು ಔಟಾಗದೆ 220. "ಆತು, ಆ ಪಂದ್ಯ ಗೆಲ್ಲಿಸಿದ ಬೌಲರ್ ಯಾರು?" ಅಂತ ಅಳಿಯಂದಿರು ಕೇಳಿದರೆ ಗೋಡೆಯ ಎರಡೂ ಕಡೆ ಸುಮ್ಮನೆ. ರಾಜವರ್ಧನ! 53 ರನ್ನಿಗೆ 5 ವಿಕೆಟ್. ಆ ಕಡೆ ಆರ್ಯನ್ ಜುಯಾಲ್ ಅನ್ನುವ ಹುಡುಗ 159 ಹೊಡೆದು ಪಂದ್ಯ ಎಳೆದುಕೊಂಡು ಹೋಗುತ್ತಿದ್ದ. ಇವನು ಐದು ಮಂದಿಯನ್ನು ಕಳಿಸದಿದ್ದರೆ ಏಳು ಸಿಕ್ಸರ್ ಹೊಡೆದೂ ಸೋತವರು ಅಂತ ಆಗುತ್ತಿತ್ತು. ಆದರೆ ಮರುದಿನದ ಪೇಪರಿನಲ್ಲಿ ಐದು ವಿಕೆಟ್ಟಿಗೆ ಜಾಗ ಎಲ್ಲಿಂದ ಬರಬೇಕು? ಏಳು ಸಿಕ್ಸರ್ ಎಲ್ಲವನ್ನೂ ನುಂಗಿತ್ತು. ಯಾವ ದಿನ ಚೆನ್ನಾಗಿ ಆಡಬೇಕು ಅನ್ನುವುದೂ ನಸೀಬೇ, ಅಲ್ಲೇನ್ರಿ?

ಅಂಥದೇ ಇನ್ನೊಂದು. 2023ರ ಜುಲೈನಲ್ಲಿ ಕೊಲಂಬೊದಲ್ಲಿ ಎಮರ್ಜಿಂಗ್ ಏಷ್ಯಾ ಕಪ್, ಪಾಕಿಸ್ತಾನ ಎ ತಂಡದ ಮೇಲೆ 42ಕ್ಕೆ 5. ಅಲ್ಲಿ ಗೆಲುವಿನ ಶತಕ ಹೊಡೆದವನು ಯಾರು ಗೊತ್ತೇನು? ಅಹಮದಾಬಾದಿನಲ್ಲಿ ಇವನೇ ಔಟ್ ಮಾಡಿದ್ದ ಸಾಯಿ ಸುದರ್ಶನ್. ಮೂರೂವರೆ ತಿಂಗಳ ಹಿಂದೆ ಎದುರಾಳಿ, ಈಗ ಒಂದೇ ಜರ್ಸಿ. ಫೈನಲಿನಲ್ಲಿ ಅದೇ ಪಾಕಿಸ್ತಾನದ ಕೈಲಿ ಸೋತರು, ಅದನ್ನು ಕಾಕಾ ನೆನಪಿಸದೆ ಇರುವುದಿಲ್ಲ.

ನನ್ನದೊಂದು ಮಾತು ಇವರಿಬ್ಬರೂ ಕೇಳುವುದಿಲ್ಲ. ಹುಡುಗನ ಬ್ಯಾಟು! 2022ರ ಅಂಡರ್-19 ವಿಶ್ವಕಪ್ಪಿನಲ್ಲಿ ಐರ್ಲೆಂಡಿನ ಮೇಲೆ 17 ಚೆಂಡಿಗೆ ಔಟಾಗದೆ 39, ಅದರಲ್ಲಿ ಐದು ಸಿಕ್ಸರು. ಆ ಭುಜ ನೋಡಿದ್ದೀರಲ್ಲ. ಚೆಂಡಿಗೆ ಓಡುವುದಿಲ್ಲ, ನಿಂತಲ್ಲೇ ಎತ್ತುತ್ತಾನೆ. ಯಶ್ ಧುಲ್‌ನ ಆ ತಂಡ ಆಂಟಿಗುವಾದಲ್ಲಿ ಇಂಗ್ಲೆಂಡನ್ನು ಸೋಲಿಸಿ ಕಪ್ ತಂದಿತು, ಕಪ್ ಬಂದ ಬೆನ್ನಲ್ಲೇ ಬೆಂಗಳೂರಿನ ಹರಾಜಿನಲ್ಲಿ 30 ಲಕ್ಷದ ಹುಡುಗನಿಗೆ ಚೆನ್ನೈ ಒಂದೂವರೆ ಕೋಟಿ ಕೊಟ್ಟಿತು. ಅಷ್ಟು ಕೊಟ್ಟವರು ಅವನ ಬ್ಯಾಟಿಗೂ ಸೇರಿಸಿಯೇ ಕೊಟ್ಟಿರಬೇಕು. ಆದರೆ ಆಡಿದ ಎರಡೂ ಪಂದ್ಯದಲ್ಲಿ ಅವನಿಗೆ ಬ್ಯಾಟಿಂಗ್ ಸರದಿಯೇ ಬರಲಿಲ್ಲ. ಈಗ ಇಂಪ್ಯಾಕ್ಟ್ ಪ್ಲೇಯರ್ ಅಂತ ಒಂದು ನಿಯಮ ಬಂದಿದೆಯಲ್ಲ, ಅರ್ಧ ಬ್ಯಾಟು ಅರ್ಧ ಚೆಂಡು ಹಿಡಿಯುವ ಹುಡುಗರ ಹೊಟ್ಟೆಯ ಮೇಲೆ ಹೊಡೆದದ್ದೇ ಅದು. ಬ್ಯಾಟಿಗೊಬ್ಬ, ಚೆಂಡಿಗೊಬ್ಬ ಸಿಗುವಾಗ ಎರಡೂ ಕಲಿಯುತ್ತಿರುವವನನ್ನು ಯಾರು ಸಾಕುತ್ತಾರೆ?

ನಿಲಂಗಾದ ಬೀಗರು ಬಂದರೆ ಹರಟೆ ಇನ್ನೊಂದು ದಾರಿ ಹಿಡಿಯುತ್ತದೆ. ಅವರು ಕುಸ್ತಿಯ ಮನುಷ್ಯ. ಕ್ರಿಕೆಟ್ಟನ್ನೂ ಅಖಾಡದ ಕಣ್ಣಲ್ಲೇ ನೋಡುತ್ತಾರೆ. ಬೌಲರ್ ಓಡಿ ಬರುವಾಗ ಚೆಂಡು ನೋಡುವುದಿಲ್ಲ, ಪಿಂಡರಿ ನೋಡುತ್ತಾರೆ. "ಬೀಗತಿಯವ್ರ, ಹುಡುಗನ ಮ್ಯಾಲಿನ ಮೈ ತಯಾರದ. ಸೊಂಟ ಇನ್ನೂ ತಯಾರಿಲ್ಲ" ಅಂತ ತೀರ್ಪು ಕೊಟ್ಟು ಅಡಕೆ ಬಾಯಿಗೆ ಹಾಕಿಕೊಂಡರೆ ಮುಗೀತು, ಅಪೀಲಿಲ್ಲ. ಅವರು ಮಾತಾಡುವ ಹಕ್ಕು ಇರುವ ತಾಲೂಕಿನವರು. ಹರಿಶ್ಚಂದ್ರ ಬಿರಾಜದಾರ ನಿಲಂಗಾ ತಾಲೂಕಿನ ರಾಮಲಿಂಗ ಮುದಗಡದವರಲ್ಲವೇ! ಕೊಲ್ಲಾಪುರದ ಗಂಗಾವೇಶ ತಾಲೀಮಿನಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದು, 1970ರ ಎಡಿನ್‌ಬರೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ತಂದವರು. ಬೆಳಗಾವಿಯಲ್ಲಿ ದಿಲ್ಲಿಯ ಸತ್ಪಾಲರನ್ನು ಕೆಡವಿದ ಕುಸ್ತಿಯ ಕಥೆ ಬೀಗರ ಬಾಯಲ್ಲಿ ಕೇಳಬೇಕು. ಕಥೆ ಹೇಳುತ್ತಾ ಹೇಳುತ್ತಾ ಅವರ ಎರಡೂ ಕೈ ತಾವಾಗಿ ಮುಂದೆ ಬರುತ್ತವೆ, ಕುರ್ಚಿಯ ತುದಿಗೆ ಬಂದು ಕೂಡುತ್ತಾರೆ, ಎದುರಿಗೆ ಕೂತವರು ಕುತ್ತಿಗೆ ಹಿಂದಕ್ಕೆ ಎಳೆದುಕೊಳ್ಳಬೇಕು. ಮೊಮ್ಮಗಳು ಒಮ್ಮೆ ಅಂಜಿ ಅಡುಗೆಮನೆಗೆ ಓಡಿ ಬಂದಿದ್ದಳು.

ಬಿರಾಜದಾರರು ಆಮೇಲೆ ವಸ್ತಾದರಾಗಿ ಎಷ್ಟು ಹುಡುಗರನ್ನು ತಯಾರು ಮಾಡಿದರು! ನಮ್ಮ ಲಾತೂರು ಜಿಲ್ಲೆಯ ಕಾಕಾ ಪವಾರ ಅವರ ಶಿಷ್ಯರು, ಅರ್ಜುನ ಪ್ರಶಸ್ತಿ ಪಡೆದವರು. 2020ರ ಮಹಾರಾಷ್ಟ್ರ ಕೇಸರಿ ಫೈನಲಿನಲ್ಲಿ ಆ ಕಾಕಾ ಪವಾರರ ಇಬ್ಬರು ಶಿಷ್ಯರೇ ಎದುರುಬದುರಾದರು, ನಾಸಿಕದ ಹರ್ಷವರ್ಧನ ಸದಗೀರ, ಲಾತೂರಿನ ಶೈಲೇಶ ಶೆಳಕೆ. ನಮ್ಮ ಶೈಲೇಶ ಸೋತ. ಆದರೂ ಬೀಗರು ಅವತ್ತು ಪೇಢೆ ಹಂಚಿದರು. ಯಾಕೆ ಅಂದರೆ, "ಎರಡೂ ಕಡೀ ಡಾವು ಒಂದೇ ಮನಿಯದು." ಅವರು ಹೇಳುವುದು ಇಷ್ಟೇ: ಪೈಲ್ವಾನನಿಗೆ ವಸ್ತಾದ ಬೇಕು, ಖುರಾಕು ಬೇಕು, ನಾಲ್ಕೈದು ವರ್ಷ ದಿನಾ ಬೆಳಿಗ್ಗೆ ಎದ್ದು ಅದೇ ಮಣ್ಣು ಬೇಕು. ಇಂದು ಈ ಊರು, ನಾಳೆ ಆ ಊರು, ಎರಡು ತಿಂಗಳು ಹೋಟೆಲಿನಲ್ಲಿ ಕೂತು ನೆಟ್ಸಿನಲ್ಲಿ ಚೆಂಡು ಹಾಕಿ ಬಂದರೆ ಸೊಂಟ ಎಲ್ಲಿಂದ ತಯಾರಾಗಬೇಕು?

ನನಗೆ ಇದರಲ್ಲಿ ಬಹಳ ಹುರುಳು ಕಾಣುತ್ತದೆ. 2018ರ ಅಂಡರ್-19 ವಿಶ್ವಕಪ್ ನೆನಪಿದೆಯಲ್ಲ, ನಮ್ಮ ದ್ರಾವಿಡ್ ಕೋಚ್ ಆಗಿದ್ದದ್ದು. ಕಮಲೇಶ ನಾಗರಕೋಟಿ ಅಂತ ರಾಜಸ್ಥಾನದ ಹುಡುಗ, ಅವನ ವೇಗ ನೋಡಿ ದೇಶವೇ ಮೂಗಿನ ಮೇಲೆ ಬೆರಳಿಟ್ಟಿತ್ತು. ಕೋಲ್ಕತ್ತ 3.2 ಕೋಟಿ ಕೊಟ್ಟಿತು. ಗಾಯವಾಗಿ ಎರಡು ಸೀಸನ್ ಅವನು ಮೈದಾನಕ್ಕೆ ಇಳಿಯಲೇ ಇಲ್ಲ, ಮೊದಲ ಪಂದ್ಯ ಆಡಿದ್ದು 2020ರಲ್ಲಿ. ಹತ್ತೊಂಬತ್ತರ ಬೆನ್ನು ಕೋಟಿಯ ಭಾರ ಹೊರಬೇಕು ಅಂದರೆ ಹೀಗೇ ಆಗುವುದು. ನಮ್ಮವನು ಹೊತ್ತದ್ದು ಅದಕ್ಕೂ ಹೆಚ್ಚು. ಕೊರೊನಾ ಬಂದ 2020ರಲ್ಲೇ ತಂದೆಯನ್ನು ಕಳೆದುಕೊಂಡ. ಎರಡು ವರ್ಷಕ್ಕೆ ಕೈಯಲ್ಲಿ ವಿಶ್ವಕಪ್ ಹಿಡಿದ. ಆ ನಡುವಿನ ಎರಡು ವರ್ಷ ಆ ಮನೆ ಹೇಗೆ ನಡೆದಿರಬೇಕು, ಹುಡುಗ ಯಾವ ಮನಸ್ಸಿನಿಂದ ಓಡಿ ಬಂದು ಚೆಂಡು ಹಾಕಿರಬೇಕು? ಇದನ್ನು ಹೇಳಿದಾಗ ಮಾತ್ರ ಕಾಕಾ ಬಸಿಯಲ್ಲಿ ಉಳಿದ ಚಹಾ ಕುಡಿದು, "ಅದು ಖರೇ ಅದವ್ವ" ಅಂತಾರೆ.

ಬೀಗರ ಹಿರಿಯ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಫುಟ್‌ಬಾಲ್ ಅಂದರೆ ಬೇರೆಯೇ, ಕೈಯಲ್ಲಿ ಹಿಡಿದು ಎಸೆಯುವ ಆಟ, ತಲೆಗೆ ಹೆಲ್ಮೆಟ್. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ, ಎಸೆತವೆಲ್ಲ ಅವನದೇ. ಹೋದ ಸಲ ಊರಿಗೆ ಬಂದಾಗ ನಮ್ಮ ಗೋಡೆಯ ಪಂಚಾಯ್ತಿ ಕೇಳಿ, "ಅತ್ತೀ, ಅಲ್ಲಿಯೂ ಇದೇ ನಡೀತದ" ಅಂತ ನಕ್ಕ. ಜೋಶ್ ಅಲೆನ್ ಅಂತ ಕ್ಯಾಲಿಫೋರ್ನಿಯಾದ ಒಕ್ಕಲುಮನೆಯ ಹುಡುಗ, ಫೈರ್‌ಬಾ ಅನ್ನುವ ಸಣ್ಣ ಊರಿನವ. 2018ರಲ್ಲಿ ತಂಡಗಳು ಹೊಸ ಹುಡುಗರನ್ನು ಸರದಿಯಲ್ಲಿ ಆರಿಸುವಾಗ ಬಫಲೋ ತಂಡ ಅವನನ್ನು ಏಳನೆಯವನಾಗಿ ಆರಿಸಿಕೊಂಡಾಗ ಮಂದಿ ಬೈದದ್ದೇ ಬೈದದ್ದು. ತೋಳಲ್ಲಿ ಬಲ ಇದೆ, ಗುರಿ ಇಲ್ಲ ಅಂತ. ಬೈದವರ ಮಾತು ಸುಳ್ಳೂ ಅಲ್ಲ, ಮೊದಲ ವರ್ಷ ಅವನು ಎಸೆದ ನೂರರಲ್ಲಿ ತನ್ನವರ ಕೈಗೆ ಹೋದದ್ದು 53ರ ಒಳಗೆ. ಆದರೆ ಬಫಲೋದವರು ಅವನನ್ನು ಕೂಡಿಸಲಿಲ್ಲ, ಆಡಿಸುತ್ತಲೇ ಹೋದರು. 2020ಕ್ಕೆ ಅದು 69 ದಾಟಿತು, 2024ರ ಸೀಸನ್ನಿಗೆ ಇಡೀ ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ. ಇದನ್ನು ಕೇಳಿ ಕಾಕಾ ಬಹಳ ಹೊತ್ತು ಯೋಚನೆ ಮಾಡಿದರು. ಆಮೇಲೆ ಕೇಳಿದ್ದು: "ಅವರಪ್ಪ ಏನು ಬಿತ್ತತಾನ?" ಹತ್ತಿ, ಕರಬೂಜ ಅಂತ ಉತ್ತರ ಬಂತು. "ಹಂಗಾದ್ರ ಸಾಲು ಸರಿ ಮಾಡಕೊಂಡಿರತಾನ ಬಿಡು" ಅಂದರು ಕಾಕಾ.

ಮರಾಠವಾಡದ ಹುಡುಗರ ಹಣೆಬರಹವೂ ಒಂದು ಥರದ್ದು. ಜಾಲನಾದ ವಿಜಯ ಝೋಲ 2011ರಲ್ಲಿ ಕೂಚ್ ಬಿಹಾರ್ ಟ್ರೋಫಿಯಲ್ಲಿ ಅಸ್ಸಾಮಿನ ಮೇಲೆ ಔಟಾಗದೆ 451 ಹೊಡೆದ. ನಾನೂರ ಐವತ್ತೊಂದು! 2014ರಲ್ಲಿ ಅಂಡರ್-19 ನಾಯಕನೂ ಆದ, ನಮ್ಮ ಬೆಂಗಳೂರು ತಂಡವೇ ಅವನನ್ನು ಕೊಂಡಿತ್ತು. ದೇಶದ ದೊಡ್ಡ ತಂಡದ ಬಾಗಿಲು ಮಾತ್ರ ತೆರೆಯಲಿಲ್ಲ. ಔರಂಗಾಬಾದಿನ ಇಕ್ಬಾಲ್ ಸಿದ್ದಿಕಿಯದು ಇನ್ನೂ ವಿಚಿತ್ರ. ಫಾಸ್ಟ್ ಬೌಲರ್, 2001ರಲ್ಲಿ ಮೊಹಾಲಿಯಲ್ಲಿ ಇಂಗ್ಲೆಂಡ್ ಮೇಲೆ ಒಂದೇ ಒಂದು ಟೆಸ್ಟ್ ಆಡಿದವರು. ಗೆಲ್ಲುವುದಕ್ಕೆ ಐದು ರನ್ ಬೇಕಿತ್ತು, ಬ್ಯಾಟಿಂಗ್ ಶುರು ಮಾಡು ಅಂತ ಇವರನ್ನೇ ಕಳಿಸಿದರು. ಹೋಗಿ ಐದೂ ರನ್ ತಾವೇ ಹೊಡೆದು ಬಂದರು. ಬೌಲರಾಗಿ ಹೋದವರು, ಓಪನರಾಗಿ ಗೆದ್ದು ವಾಪಸು, ಮತ್ತೆ ಕರೆ ಇಲ್ಲ. ಬೀಡಿನ ಸಚಿನ್ ಧಸ್ 2024ರ ಅಂಡರ್-19 ಸೆಮಿಫೈನಲಿನಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 96 ಹೊಡೆದದ್ದು ನಿನ್ನೆ ಮೊನ್ನೆಯ ಮಾತು, 32ಕ್ಕೆ ನಾಲ್ಕು ಹೋದಾಗ ಬಂದು ನಿಂತ ಹುಡುಗ. ಅವನ ಸುದ್ದಿಯಾದರೂ ಮುಂದೆ ಕೇಳುತ್ತಿರಲಿ ಅಂತ ನನ್ನ ಹರಕೆ.

ಚೆನ್ನೈ ಬಿಟ್ಟ ಮೇಲೆ 2025ಕ್ಕೆ ಲಖನೌ ರಾಜವರ್ಧನನನ್ನು ಮತ್ತೆ ಅದೇ 30 ಲಕ್ಷಕ್ಕೆ ಕೊಂಡಿತು, ಮುಂದಿನ ಸೀಸನ್ನಿಗೆ ಮೊದಲೇ ಬಿಟ್ಟಿತು. ಅವತ್ತು ಕಾಕಾ ನನ್ನನ್ನು ಛೇಡಿಸಲಿಲ್ಲ. ಗೋಡೆಯ ಮೇಲೆ ಬಿಸಿ ಭಜಿಯ ತಾಟು ಇಟ್ಟು, "ತಗೋ, ಮೆಣಸಿನಕಾಯಿ ಖಾರ ಇಲ್ಲ" ಅಂದರು. ಇತ್ತು, ಬಹಳ ಖಾರ ಇತ್ತು.

ಈಗ ನನ್ನ ತೀರ್ಪು ಕೇಳ್ರಿ. ಅವನ ಬಲ ಏನು? 140ರ ಆಸುಪಾಸಿನ ವೇಗ, ಎತ್ತರ, ಕಡೆಯ ಓವರಿನಲ್ಲಿ ಎತ್ತಿ ಹೊಡೆಯುವ ತೋಳು. ಕೊರತೆ? ಕಾಕಾ ಹೇಳುವ ಸಾಲು, ಬೀಗರು ಹೇಳುವ ಸೊಂಟ. ಇವೆರಡೂ ಟಿ20 ಆಡಿ ಬರುವಂಥವಲ್ಲ. ಇಪ್ಪತ್ನಾಲ್ಕು ಚೆಂಡಿನಲ್ಲಿ ನಾಲ್ಕು ತಪ್ಪಿದರೆ ಕ್ಯಾಪ್ಟನ್ ಚೆಂಡು ಕಸಿದುಕೊಳ್ಳುತ್ತಾನೆ, ತಪ್ಪಿದ್ದನ್ನು ಅಲ್ಲೇ ತಿದ್ದಿಕೊಳ್ಳುವ ಪುರುಸೊತ್ತು ಎಲ್ಲಿದೆ? ಬೆಳಗಿನ ಹೊಸ ಚೆಂಡಿನಲ್ಲಿ ಏಳು ಓವರ್, ಊಟದ ಮೇಲೆ ಹಳೆ ಚೆಂಡಿನಲ್ಲಿ ಆರು, ಸಂಜೆಗೆ ಮತ್ತೆ ನಾಲ್ಕು, ಹೀಗೆ ನಾಲ್ಕು ದಿನದ ರಣಜಿಯಲ್ಲಿ ಹಾಕಿ ಹಾಕಿ ಕೈ ಕೂಡಬೇಕು. ವಿಕೆಟ್ ಬೀಳದ ಸಂಜೆಯಲ್ಲೂ ಓಡಿ ಬಂದು ಒಂದೇ ಜಾಗಕ್ಕೆ ಹಾಕುವುದನ್ನು ಕಲಿಸುವುದು ಆ ಆಟ ಒಂದೇ. ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆಯವರು ಈ ಹರಟೆ ಓದುತ್ತಾರೋ ಇಲ್ಲವೋ, ಓದಿದರೆ ನನ್ನದು ಇದೊಂದೇ ಕೋರಿಕೆ. ಆ ಹುಡುಗನಿಗೆ ಉದ್ದ ಸ್ಪೆಲ್ ಕೊಡಿ, ಎರಡು ಸೀಸನ್ ಪೂರ್ತಿ ಕೊಡಿ, ವೈಡ್ ಎಣಿಸಬೇಡಿ.

"ಅಷ್ಟೊತ್ತಿಗೆ ಅವನ ವಯಸ್ಸು ಹೋಗಿರ್ತದವ್ವ" ಅಂತಾರೆ ಕಾಕಾ. ಕಾಕಾಗೆ ನಾನು ಹೇಳುವುದು ನಮ್ಮ ಜಾವಗಲ್ ಶ್ರೀನಾಥರ ಹೆಸರು. 1991ರಲ್ಲೇ ಬ್ರಿಸ್ಬೇನಿನಲ್ಲಿ ಟೆಸ್ಟ್ ಆಡಿದ್ದರು. ನಮ್ಮ ದೇಶದಲ್ಲಿ ಟೆಸ್ಟ್ ನಡೆದಾಗೆಲ್ಲ ಸ್ಪಿನ್ನರುಗಳಿಗೆ ಜಾಗ, ಇವರು ನೀರು ಹೊತ್ತರು. ತವರಿನಲ್ಲಿ ಮೊದಲ ಟೆಸ್ಟ್ ಸಿಕ್ಕದ್ದು 1994ರ ನವೆಂಬರಿನಲ್ಲಿ, ಮುಂಬಯಿಯಲ್ಲಿ. ಆಗ ಅವರಿಗೆ ಇಪ್ಪತ್ತೈದು ತುಂಬಿತ್ತು. ಅಲ್ಲಿಂದ ಮುಂದೆ ಆಡಿ ಒಟ್ಟು 236 ಟೆಸ್ಟ್ ವಿಕೆಟ್ ಮುಟ್ಟಿದರು. ರಾಜವರ್ಧನ ಹುಟ್ಟಿದ್ದು 2002ರ ನವೆಂಬರಿನಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಿ, ಕಾಲ ಮೀರಿಲ್ಲ.